ಹನ್ನೆರಡು ಗ್ರಾಂ

ಬೇಲೂರು ಅಂದ ಕೂಡಲೇ ಚೆನ್ನಕೇಶವ ದೇವಸ್ಥಾನ ನೆನಪಾದ್ರೆ ತಪ್ಪಿಲ್ಲ, ಆದ್ರೆ ಇದು ಆ ಬೇಲೂರಲ್ಲ. ಧಾರವಾಡದಿಂದ ಬೆಳಗಾವಿ ಹೈವೇ ಹಿಡಿದ್ರೆ ಸಿಗೋ ಕೈಗಾರಿಕಾ ಪ್ರದೇಶ. ಇಲ್ಲಿ ಶಿಲಾಬಾಲಿಕೆ ಇಲ್ಲ, ಶೆಡ್ಡುಗಳಿವೆ. ಆರನೇ ಸೆಮ್ ಮುಗಿಸಿ ಇಂಟರ್ನ್‌ಶಿಪ್‌ಗೆ ಹೋದಾಗ ನಾನು ಉಳಿದದ್ದು ಸೋದರಮಾವನ ಬಾಡಿಗೆ ರೂಮಿನಲ್ಲಿ. ಮಾವ ಸಿಎನ್‌ಸಿ ಆಪರೇಟರ್. ಜೊತೆಗೆ ಗದಗ ಕಡೆಯವರು ಇನ್ನೊಬ್ಬರು, ಬೇರೆ ಕಂಪನಿ. ಅವರಿಗೆ ನಾವು ಅಣ್ಣಾರು ಅಂತೀವಿ. ಮತ್ತೆ, ಕಿಟಕಿ ಪಕ್ಕದ ಪಂಜರದಲ್ಲಿ ನಾಲ್ಕು ಜೀಬ್ರಾ ಫಿಂಚ್.

ಕಿತ್ತಳೆ ಕೆನ್ನೆ, ಕೆಂಪು ಕೊಕ್ಕು, ಮಕ್ಕಳ ಪೀಪಿ ಊದಿದಂಥ ದನಿ. ಮೂಲ ಆಸ್ಟ್ರೇಲಿಯಾ. (ನಮ್ಮ ಹೊಲದ ರಾಟವಾಳ ಹಕ್ಕಿ ಇದರ ನೆಂಟನೇ, ಆದ್ರೆ ಅದನ್ನ ಹಿಡಿದು ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ.) ಅಂಗಡಿಯವರು ‘ಫಿಂಚ್ ಸೀಡ್’ ಅಂತ ಪ್ಯಾಕೆಟ್ ಮಾಡಿ ಮಾರೋದರಲ್ಲಿ ಮುಕ್ಕಾಲು ಭಾಗ ನವಣಿ ಮತ್ತು ಬರಗು. ಮಾವ ಅದನ್ನ ಧಾರವಾಡದ ಸಂತಿಯಿಂದ ಕಿಲೋ ಲೆಕ್ಕದಲ್ಲಿ ತರ್ತಿದ್ದ.

ಒಂದು ಗುರುವಾರ ಗಂಡು ಹಕ್ಕಿಯೊಂದು ಪುಕ್ಕ ಉಬ್ಬಿಸ್ಕೊಂಡು ಹತ್ತಿಯ ಉಂಡೆ ಹಾಗೆ ಕೂತಿತ್ತು. ಉಸಿರಾಡಿದಾಗೆಲ್ಲ ಬಾಲ ಮೇಲೆ ಕೆಳಗೆ ಆಗ್ತಿತ್ತು. ಹಿಕ್ಕೆ ಹಸಿರು, ನೀರು ನೀರು. ಸಂಜೆಗೆ ಒಂದು ಹೆಣ್ಣೂ ಹಾಗೇ. ಸಣ್ಣ ಹಕ್ಕಿಗಳು ಕಾಯಿಲೆ ಮುಚ್ಚಿಡ್ತಾವೆ. ಕಾಡಿನಲ್ಲಿ ಸೊರಗಿದ್ದೇ ಮೊದಲು ಬೇಟೆಯಾಗೋದು. ಹಾಗಾಗಿ ನಮ್ಮ ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರ್ತದೆ.

ಹುಬ್ಬಳ್ಳಿಗೆ ಒಯ್ಯೋಣ ಅಂದ್ರೆ ಚಿಗರಿ ಬಸ್ಸು ಎಸಿ, ಚಳಿಗೆ ಉಬ್ಬಿ ಕೂತ ಹಕ್ಕಿಗೆ ಅದು ಬ್ಯಾಡ. ಧಾರವಾಡದಲ್ಲೇ ಒಬ್ಬ ಡಾಕ್ಟರ್ ನೋಡಿದರು. “ನಾ ದಿನಾ ಎಮ್ಮಿಗೆ ಸೂಜಿ ಚುಚ್ಚಾಂವ, ಇದನ್ನ ಹಿಡಿಯಾಕ ಅಂಜಿಕಿ ಬರ್ತದ,” ಅಂತ ನಕ್ಕರು. ಆದ್ರೆ ಮೊದಲು ಕೇಳಿದ ಪ್ರಶ್ನೆ ಸರಿಯಾಗಿತ್ತು: “ತೂಕ ಎಷ್ಟ್ರಿ?”

ಆರೋಗ್ಯವಾಗಿದ್ದ ಜೀಬ್ರಾ ಫಿಂಚ್ ಸುಮಾರು 12 ಗ್ರಾಂ. ಎರಡು ಐದು ರೂಪಾಯಿ ನಾಣ್ಯ ಅಂಗೈ ಮೇಲೆ ಇಟ್ಕೊಳ್ರಿ, ಅಷ್ಟೇ. ನಾಲ್ಕು ಕ್ವಿಂಟಲ್ ಎಮ್ಮಿಗೆ ಹೋಲಿಸಿದ್ರೆ ಮೂವತ್ತಮೂರು ಸಾವಿರದಲ್ಲಿ ಒಂದು ಪಾಲು. ಅಕ್ಕಸಾಲಿಗರ ತಕ್ಕಡಿಯಲ್ಲಿ ನಮ್ಮ ಗಂಡು 10.8 ಬಂತು.

ಔಷಧದ ಹೆಸರು ಬೇಕಂತಲೇ ಬರೀತಿಲ್ಲ, ಯಾರೂ ಇದನ್ನ ಚೀಟಿ ಅಂದ್ಕೋಬಾರದು. ಲೆಕ್ಕ ಮಾತ್ರ ಹೇಳ್ತೀನಿ. ಡಾಕ್ಟರ್ ಹೇಳಿದ್ದು ಕಿಲೋಗೆ 15 ಮಿಲಿಗ್ರಾಂ. ಅಂದ್ರೆ ನಮ್ಮ ಹಕ್ಕಿಗೆ 0.16 ಮಿಲಿಗ್ರಾಂ. ಸಿಕ್ಕಿದ್ದು ಕೋಳಿ ಫಾರ್ಮಿನ ಬಾಟಲಿ, ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಒಂದೇ ಒಂದು ಹನಿ ನೇರವಾಗಿ ಹಾಕಿದ್ರೂ ಮೂವತ್ತು ಪಟ್ಟು! ಕೋಳಿಗೆ ಇದನ್ನ ಕುಡಿಯೋ ನೀರಿಗೆ ಬೆರೆಸ್ತಾರೆ. ಫಿಂಚಿಗೂ ಹಾಗೇ ಮಾಡಬಹುದು ಅಂತಾರೆ, ನನಗೆ ಒಪ್ಪಿಗೆ ಇಲ್ಲ. ಒಣಭೂಮಿಯ ಹಕ್ಕಿ ಇದು, ನೀರಿಲ್ಲದೆ ದಿನಗಟ್ಟಲೆ ತಡೀತದೆ. ನೀರು ಕಹಿಯಾದ್ರೆ ಬಿಟ್ಟೇಬಿಡ್ತದೆ. ಚೆನ್ನಾಗಿದ್ದದ್ದು ಹೆಚ್ಚು ಕುಡೀತದೆ, ಸೊರಗಿದ್ದು ಕುಡಿಯೋದೇ ಇಲ್ಲ. ಔಷಧ ಬೇಕಾದವರಿಗೇ ಕಡಿಮೆ ಸಿಗೋ ವ್ಯವಸ್ಥೆ.

ಅದಕ್ಕೆ ಒಂದು ಎಂಎಲ್ ಔಷಧಕ್ಕೆ 24 ಎಂಎಲ್ ನೀರು. ಈಗ ಬೇಕಾದ್ದು 0.04 ಎಂಎಲ್, ಇನ್ಸುಲಿನ್ ಸಿರಿಂಜಿನಲ್ಲಿ ನಾಲ್ಕು ಗೆರೆ. ಇಲ್ಲೊಂದು ಮಾತು. ಕಿತ್ತಳೆ ಕ್ಯಾಪಿನ ಸಿರಿಂಜಿನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್, ಕೆಂಪು ಕ್ಯಾಪಿನದರಲ್ಲಿ 40. ಮೆಡಿಕಲ್ ಶಾಪಿನಲ್ಲಿ ಎರಡೂ ಇರ್ತಾವೆ. ಕೆಂಪಿನಲ್ಲಿ ನಾಲ್ಕು ಯೂನಿಟ್ ಎಳೆದ್ರೆ ಎರಡೂವರೆ ಪಟ್ಟು ಆಯ್ತು.

ಸೂಜಿ ತೆಗೆದ ಸಿರಿಂಜು, ಕೊಕ್ಕಿನ ಬದಿಗೆ ಹನಿ ತಾಗಿಸಿದ್ರೆ ಅದೇ ಎಳ್ಕೋತದೆ. ಬಾಯೊಳಗೆ ಚಿಮ್ಮಿಸಿದ್ರೆ ಶ್ವಾಸನಾಳಕ್ಕೆ ಹೋಗ್ತದೆ. ಹಿಡಿಯೋವಾಗ ಎದೆ ಒತ್ತೋ ಹಾಗಿಲ್ಲ. ಹಕ್ಕಿಗೆ ನಮ್ಮ ಹಾಗೆ ಡಯಾಫ್ರಮ್ ಇಲ್ಲ, ಎದೆಗೂಡು ಅಲ್ಲಾಡಿದ್ರೇ ಉಸಿರು. ಕ್ಯಾಲ್ಸಿಯಂ ಈ ಔಷಧವನ್ನ ಹಿಡಿದಿಡ್ತದೆ ಅಂತ ಕಟಲ್‌ಬೋನ್, ಮೊಟ್ಟೆ ಸಿಪ್ಪೆಯ ಪುಡಿ ಎರಡನ್ನೂ ಹೊರಗೆ ಇಟ್ವಿ.

ಔಷಧಕ್ಕಿಂತ ಮೊದಲು ಬೇಕಾದ್ದು ಶಾಖ. ಜುಲೈ ತಿಂಗಳ ಜಿಟಿಜಿಟಿ ಮಳಿ, ತಣ್ಣನೆ ಗಾಳಿ. ಎಲ್‌ಇಡಿ ಕಾಲದಲ್ಲಿ ಹಳೇ 40 ವ್ಯಾಟ್ ಬಲ್ಬು ಹುಡುಕೋದು ಔಷಧ ಹುಡುಕೋದಕ್ಕಿಂತ ಕಷ್ಟ ಆಯ್ತು. ಸಣ್ಣ ಪಂಜರದ ಒಂದು ಬದಿಗೆ ಮಾತ್ರ ಬಲ್ಬು, 30 ಡಿಗ್ರಿ. ಸೆಕೆ ಆದ್ರೆ ಅದೇ ಆಚೆ ಸರೀಲಿ ಅಂತ. ಕರೆಂಟ್ ಹೋದ್ರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ.

ನಿಜವಾದ ತಲೆನೋವು ಟೈಮು. ಹನ್ನೆರಡು ತಾಸಿಗೊಮ್ಮೆ, ಏಳು ದಿನ. ಮಾವನದು ನೈಟ್ ಶಿಫ್ಟ್, ಅಣ್ಣಾರದು ಸೆಕೆಂಡ್, ನನ್ನದು ಜನರಲ್. ಬೆಳಿಗ್ಗೆ ಆರೂವರೆಗೆ ಡ್ಯೂಟಿ ಮುಗಿಸಿ ಬಂದ ಮಾವ ಕೊಡ್ತಿದ್ದ, ಸಂಜೆ ಆರೂವರೆಗೆ ನಾನು. ಮಧ್ಯಾಹ್ನ ಹೊರಡೋ ಮುಂಚೆ ಅಣ್ಣಾರು ಕಾಳಿನ ಬಟ್ಟಲಿನ ಹೊಟ್ಟು ಊದಿ ನೋಡ್ತಿದ್ರು. ಫಿಂಚ್ ಕಾಳು ಸುಲಿದು ಹೊಟ್ಟು ಅಲ್ಲೇ ಬಿಡ್ತದೆ, ಖಾಲಿ ಬಟ್ಟಲೂ ತುಂಬಿದ ಹಾಗೆ ಕಾಣ್ತದೆ. ಫ್ಯಾಕ್ಟರಿಯಲ್ಲಿ ಇರೋ ಹಾಗೇ ಒಂದು ಶಿಫ್ಟ್ ಹ್ಯಾಂಡೋವರ್ ನೋಟ್‌ಬುಕ್ ಇಟ್ವಿ: ಟೈಮು, ತೂಕ, ಹಿಕ್ಕೆ, ಯಾರು ಕೊಟ್ರು. ಕೊಟ್ಟೆವೋ ಇಲ್ಲವೋ ಅಂತ ಎರಡು ಸಲ ಕೊಡೋ ಭಯ ಅದರಿಂದ ಹೋಯ್ತು.

ಮನೆ ಓನರ್ ಬಾಗಿಲಲ್ಲಿ ನಿಂತು ನೋಡಿ, “ಇಷ್ಟ ಖಟಪಟಿ ಯಾಕ್ರೀ? ಹೊಸಾವು ತಂದ್ರ ಮುಗೀತಲ್ಲ,” ಅಂದ್ರು. ಮಾವ ಸಿರಿಂಜಿನಿಂದ ಕಣ್ಣು ತೆಗೀಲಿಲ್ಲ. “ಹೊಸಾವು ಬರ್ತಾವ್ರಿ. ಇವು ಹೋಗ್ತಾವಲ್ಲ.”

ಹೆಣ್ಣಿನ ತೂಕ ಏರಲೇ ಇಲ್ಲ. 10.4, 10.1, 9.7. ಡೋಸ್ ಒಂದೂ ತಪ್ಪಿರಲಿಲ್ಲ, ಶಾಖ ಇತ್ತು, ನವಣಿ ನೆನೆಸಿ ಇಟ್ಟಿದ್ವಿ. ಭಾನುವಾರ ನಾನು ಎದ್ದಾಗ ಮಾವ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತಿದ್ದ, ಕೈಯಲ್ಲಿ ಕರ್ಚೀಫಿನ ಗಂಟು. ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿದ್ದ: “6:20. ಹೆಣ್ಣು ಇಲ್ಲ. 6:30. ಗಂಡು, 4 ಗೆರೆ ಕೊಟ್ಟೆ.”

ಸೋಮವಾರ ಶಿಫ್ಟ್ ಬದಲಾಯ್ತು. ಮಾವ ಫಸ್ಟ್, ಅಣ್ಣಾರು ನೈಟ್. ಬೆಳಗಿನ ಡೋಸ್ ಅಣ್ಣಾರ ಪಾಲಿಗೆ ಬಂತು. ಅವರ ಕೈ ದೊಡ್ಡದು, ಮೊದಲ ದಿನ ನಡುಗ್ತಿತ್ತು. ಗಂಡಿನ ತೂಕ 11 ದಾಟ್ತು, ಹಿಕ್ಕೆ ಗಟ್ಟಿಯಾಯ್ತು, ಬಲ್ಬಿನ ಕಡೆ ಹೋಗೋದು ತಾನೇ ಕಡಿಮೆ ಮಾಡ್ತು. ಕೋರ್ಸ್ ಮುಗಿದ ಮರುದಿನ ಕಟಲ್‌ಬೋನ್ ವಾಪಸ್ ಹಾಕಿದ್ವಿ.

ನೋಟ್‌ಬುಕ್ಕಿನ ಕೊನೆಯ ಸಾಲು ಅಣ್ಣಾರದು, ನೈಟ್ ಮುಗಿಸಿ ಬಂದು ಮಲಗೋಕೆ ನೋಡಿದ ಬೆಳಿಗ್ಗೆಯದು: “11.9. ಒಂದ ಸವನ ಪೀಪಿ ಊದಾಕತ್ತೈತಿ. ನನಗ ನಿದ್ದಿ ಇಲ್ಲ.”