ಮಗನ ಮೋಟಾರಿನಲ್ಲಿ

ಮಕ್ಕಳನ್ನು ನೋಡಲು ಅಮೆರಿಕಾಕ್ಕೆ ಹೋಗಿಬರುವುದು ಮೈಸೂರು ಸೀಮೆಯ ಊರುಗಳಲ್ಲಿ ಈಗ ಕಾಶೀಯಾತ್ರೆಯಷ್ಟೇ ವಾಡಿಕೆಯ ಮಾತಾಗಿದೆ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯನ್ನೋ ಅಲ್ಲಿ ಬಿಟ್ಟು ಬರುತ್ತಾರೆ. ಅಮೆರಿಕಾಕ್ಕೆ ಹೋದವರು ಸಾಮಾನ್ಯವಾಗಿ ಆರು ತಿಂಗಳ ಮೇಲೆ ನಿಲ್ಲಲು ಅಪ್ಪಣೆಯಿಲ್ಲದೆ, ಮಕ್ಕಳನ್ನೇ ಅಲ್ಲಿ ಬಿಟ್ಟು ಬರುತ್ತಾರೆ.

ಶ್ರೀರಂಗಪಟ್ಟಣದ ರಾಯರೂ ಅವರ ಪತ್ನಿಯೂ ಹಾಗೆ ಹೋದವರು. ರಾಯರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು, ಹಿಂದೆ ಇರ್ವಿನ್ ನಾಲೆಯೆನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯ ಮೇಲೆಯೇ ಆಯುಷ್ಯದ ಬಹುಭಾಗವನ್ನು ಸವೆಸಿದವರು. ಹುಲಿಕೆರೆಯ ಸುರಂಗದಲ್ಲಿ ನೀರು ಹರಿಯುವ ಸದ್ದನ್ನು ಕೇಳಿ ಎಷ್ಟು ನೀರು ಬಿಟ್ಟಿದ್ದಾರೆಂದು ಹೇಳಬಲ್ಲೆನೆಂಬುದು ಅವರ ಒಂದು ಜಂಬ. ಮಗನಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ. 2009ನೆಯ ಇಸವಿಯಲ್ಲಿ ಮನೆಯ ಜಗುಲಿಯಿಂದಿಳಿದು ಹೊರಟಾಗ ಅವನು, ಮೂರು ವರ್ಷ, ಹೆಚ್ಚೆಂದರೆ ನಾಲ್ಕು ವರ್ಷ, ಆಮೇಲೆ ಬಂದುಬಿಡುತ್ತೇನೆ ಎಂದಿದ್ದನು. ಆ ಮಾತನ್ನು ಯಾರೂ ಅವನಿಗೆ ಮತ್ತೆ ನೆನಪುಮಾಡಿರಲಿಲ್ಲ. ಯಾರೂ ಮರೆತೂ ಇರಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಮಗನಿಗೂ ಸೊಸೆಗೂ ಐದು ದಿನ ರಜ ಕೂಡಿ ಬಂದಿತು. ಮೋಟಾರಿನಲ್ಲಿ ಹೂವರ್ ಅಣೆಕಟ್ಟನ್ನೂ ಗ್ರಾಂಡ್ ಕ್ಯಾನಿಯನ್ ಎಂಬ ಮಹಾಕಂದರವನ್ನೂ ನೋಡಿ ಬರುವುದೆಂದು ಗೊತ್ತಾಯಿತು. ಹೋಗಿಬರುವ ದಾರಿ 1,500 ಮೈಲಿಗೆ ಕಡಿಮೆಯಿಲ್ಲ. ಹೆಚ್ಚು ಕಡಿಮೆ ಶ್ರೀರಂಗಪಟ್ಟಣದಿಂದ ದೆಹಲಿಗಿರುವಷ್ಟು. ರಾಯರು ಓದುತ್ತಿದ್ದಾಗ ಅವರ ಪಠ್ಯಪುಸ್ತಕದಲ್ಲಿ ಹೂವರ್ ಅಣೆಕಟ್ಟಿನ ಒಂದು ಮಸುಕು ಚಿತ್ರವಿದ್ದಿತಂತೆ. ಅಂದಿನಿಂದಲೂ ಅದನ್ನು ನೋಡುವ ಆಸೆ. ಅವರ ಪತ್ನಿಗೆ ಅಂತಹ ಆಸೆಗಳೇನೂ ಇರಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳ ಪಕ್ಕದಲ್ಲಿ ಐದು ದಿನ ಕುಳಿತಿರಬಹುದೆಂಬುದೇ ಆಕೆಗೆ ಸಾಕಾಗಿತ್ತು.

ಪ್ರಯಾಣಕ್ಕೆ ಇನ್ನೊಂದು ಕಾರಣವೂ ಇದ್ದಿತು, ಅದನ್ನು ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಊರಿನ ಮನೆ ಹಳೆಯದು. ಮಂಗಳೂರು ಹೆಂಚಿನ ಮಾಡು. ಕೋತಿಗಳ ಹಾವಳಿಯಿಂದ ವರ್ಷವರ್ಷವೂ ಹೆಂಚು ಒಡೆದು ಮಳೆಗಾಲದಲ್ಲಿ ನಡುಮನೆಯಲ್ಲಿ ಪಾತ್ರೆಗಳನ್ನಿಡಬೇಕಾಗುತ್ತಿತ್ತು. ವರ್ತಕರೊಬ್ಬರು ಒಳ್ಳೆಯ ಬೆಲೆಗೆ ಕೇಳಿದ್ದರು. ಅದನ್ನು ಮಾರಿ, ಮೈಸೂರಿನಲ್ಲಿ ಲಿಫ್ಟು ಇರುವ ಒಂದು ಫ್ಲ್ಯಾಟಿಗೆ ತಂದೆತಾಯಿಗಳನ್ನು ಸೇರಿಸಬೇಕೆಂದು ಮಗನ ಯೋಚನೆ. ರಾತ್ರಿ ಅವನು ಹೆಂಡತಿಯೊಡನೆ ಆಡಿದ ಮಾತು ಮುದುಕಿಯ ಕಿವಿಗೆ ಬಿದ್ದಿತ್ತು. ಆ ಮನೆಗಳ ಗೋಡೆಗಳು ಮರದ ಚೌಕಟ್ಟಿಗೆ ಹಲಗೆ ಬಡಿದಂತಹವು, ಗುಟ್ಟು ನಿಲ್ಲುವುದಿಲ್ಲ.

ಬೆಳಗಿನ ಐದು ಗಂಟೆಗೆ ಹೊರಟರು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಗಳು, ಒಂದು ವಿದ್ಯುತ್ತಿನ ಅನ್ನದ ಪಾತ್ರೆ, ಇವಿಷ್ಟೂ ಹಿಂದೆ ಹೇರಲ್ಪಟ್ಟವು. ರಾಯರು ಮುಂದಿನ ಪೀಠದಲ್ಲಿ. ಕೈಯಲ್ಲಿ ಹಳೆಯ ಎಚ್‌ಎಂಟಿ ಗಡಿಯಾರ. ಅದು ಇನ್ನೂ ಊರಿನ ಕಾಲವನ್ನೇ ತೋರಿಸುತ್ತಿದ್ದಿತು. ಬೇಸಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ಊರಿಗೂ ಹನ್ನೆರಡೂವರೆ ಗಂಟೆಯ ಅಂತರ. ಅರ್ಧ ಗಂಟೆ ಕಳೆದು ಹಗಲುರಾತ್ರಿಗಳನ್ನು ಅದಲುಬದಲು ಮಾಡಿದರಾಯಿತು, ಮುಳ್ಳನ್ನೇಕೆ ತಿರುಗಿಸಬೇಕು ಎಂಬುದು ಅವರ ವಾದ.

ಪಚೇಕೋ ಕಣಿವೆಯನ್ನು ಹತ್ತಿದ ಮೇಲೆ ಸಾನ್ ಲೂಯಿಸ್ ಎಂಬ ದೊಡ್ಡ ಜಲಾಶಯ ಕಂಡಿತು. ಮಣ್ಣಿನ ಏರಿ, 382 ಅಡಿ ಎತ್ತರ, 1967ರಲ್ಲಿ ಮುಗಿದದ್ದು. ರಾಯರು ಮೋಟಾರನ್ನು ನಿಲ್ಲಿಸಲು ಹೇಳಿ, ಬಹಳ ಹೊತ್ತು ನೋಡಿ, “ಹೊಳೆ ಎಲ್ಲಿ?” ಎಂದರು. ಹೊಳೆಯಿಲ್ಲ. ಉತ್ತರದ ನದಿಗಳ ನೀರನ್ನು ನಾಲೆಗಳಲ್ಲಿ ತಂದು, ಯಂತ್ರಗಳಿಂದ ಮೇಲೆತ್ತಿ ಅಲ್ಲಿ ತುಂಬುತ್ತಾರೆ. ಹೊಳೆಯಿಲ್ಲದ ಅಣೆಕಟ್ಟನ್ನು ರಾಯರು ಕಂಡದ್ದು ಅದೇ ಮೊದಲು. ಅಲ್ಲಿಂದ ಮುಂದೆ ರಸ್ತೆಯ ಜೊತೆಜೊತೆಗೇ ಕಾಂಕ್ರೀಟಿನ ದೊಡ್ಡ ನಾಲೆಯೊಂದು ಕಂಡು ಮರೆಯಾಗಿ ಮತ್ತೆ ಕಾಣಿಸುತ್ತಿತ್ತು. ದಕ್ಷಿಣದಲ್ಲಿ ಬೆಟ್ಟ ಅಡ್ಡ ಬರುವ ಕಡೆ ಆ ನೀರನ್ನು ಒಂದೇ ನೆಗೆತಕ್ಕೆ 1,926 ಅಡಿ ಮೇಲೆತ್ತಿ ಲಾಸ್ ಏಂಜಲೀಸಿನ ಕಡೆಗೆ ಕಳಿಸುತ್ತಾರೆಂದು ಮಗನು ಹೇಳಿದಾಗ, ಅವರು ಕೇಳಿದ ಪ್ರಶ್ನೆ ಒಂದೇ: “ಕರೆಂಟಿಗೆ ದುಡ್ಡು ಯಾರು ಕೊಡ್ತಾರೆ?”

ಅವರ ಪತ್ನಿಗೆ ಆಶ್ಚರ್ಯವಾದದ್ದು ನೀರಲ್ಲ, ಜನರಿಲ್ಲದಿರುವುದು. ಮೊಹಾವಿ ಮರುಭೂಮಿಯಲ್ಲಿ ಗಂಟೆಗಟ್ಟಲೆ ಹೋದರೂ ಒಬ್ಬ ಮನುಷ್ಯ ನಡೆದು ಹೋಗುವುದು ಕಾಣಲಿಲ್ಲ. “ದಾರಿ ತಪ್ಪಿದರೆ ಯಾರನ್ನು ಕೇಳಬೇಕೋ?” ಎಂದರು. ದಾರಿಯನ್ನು ಫೋನಿನೊಳಗಿನ ಹೆಣ್ಣುದನಿಯೊಂದು ಹೇಳುತ್ತಲೇ ಇದ್ದಿತು. ಆಕೆಯು ಇಂಗ್ಲಿಷು ಬಲ್ಲವರಲ್ಲದಿದ್ದರೂ, ಸಂಜೆಯ ಹೊತ್ತಿಗೆ ಆ ದನಿ ಯಾವಾಗ ಎಡಕ್ಕೆನ್ನುತ್ತದೆ, ಯಾವಾಗ ಬಲಕ್ಕೆನ್ನುತ್ತದೆ ಎಂಬುದನ್ನು ಗುರುತಿಸಿ ಮೊಮ್ಮಗಳಿಗಿಂತ ಮೊದಲೇ ಹೇಳಲಾರಂಭಿಸಿದರು. ಹುಡುಗಿ ಕನ್ನಡವನ್ನು ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆದರೂ ಅಜ್ಜಿಯೂ ಮೊಮ್ಮಗಳೂ ಎರಡು ಭಾಷೆಗಳಲ್ಲಿ ಒಂದೇ ಜಗಳವನ್ನು ಎಷ್ಟು ಹೊತ್ತು ಬೇಕಾದರೂ ಆಡಬಲ್ಲವರಾಗಿದ್ದರು.

ಆ ರಾತ್ರಿ ಬಾರ್ಸ್ಟೋ ಎಂಬ ಊರಿನ ವಸತಿಗೃಹದಲ್ಲಿ ತಂಗಿ, ಮರುದಿನ ಮಧ್ಯಾಹ್ನ ಹೂವರ್ ಅಣೆಕಟ್ಟನ್ನು ಮುಟ್ಟಿದರು. ಬಿಸಿಲು ಬಾಣಲೆಯಂತಿದ್ದಿತು. ಸೊಸೆ ಕೊಡೆ ಹಿಡಿದು, “ಮಾವ, ನಿಧಾನ,” ಎನ್ನುತ್ತ ಹಿಂದೆ ಬಂದರೆ, ರಾಯರು ಮೂವತ್ತು ವರ್ಷದವರಂತೆ ಮುಂದೆ ನಡೆದಿದ್ದರು. 726 ಅಡಿ ಎತ್ತರ. ನೆತ್ತಿಯ ಉದ್ದ 1,244 ಅಡಿ. “ನಮ್ಮ ಕನ್ನಂಬಾಡಿ ಎತ್ತರ 130 ಅಡಿ, ಉದ್ದ 8,600. ಎತ್ತರದಲ್ಲಿ ಇವರು, ಉದ್ದದಲ್ಲಿ ನಾವು,” ಎಂದು ಮೊಮ್ಮಗಳಿಗೆ ಹೇಳಿದರು. ಕನ್ನಂಬಾಡಿಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಎಂದರೆ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯಲ್ಲಿ. ಇಲ್ಲಿ ಎಲ್ಲವೂ ಕಾಂಕ್ರೀಟು. ಅಷ್ಟು ಕಾಂಕ್ರೀಟು ಗಟ್ಟಿಯಾಗುವಾಗ ಹುಟ್ಟುವ ಶಾಖ ತಾನಾಗಿ ಆರಬೇಕಾದರೆ ನೂರು ವರ್ಷಕ್ಕೆ ಮೇಲೆ ಹಿಡಿಯುತ್ತಿತ್ತೆಂದು ಲೆಕ್ಕ. ಅದಕ್ಕಾಗಿ ಒಂದಂಗುಲದ ಉಕ್ಕಿನ ಕೊಳವೆಗಳನ್ನು ಒಳಗೆಲ್ಲ ಹಾಸಿ ತಣ್ಣೀರು ಹರಿಸಿ, ಆಮೇಲೆ ಆ ಕೊಳವೆಗಳಿಗೂ ಗಾರೆ ತುಂಬಿದರು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅದನ್ನು ಲೋಕಾರ್ಪಣ ಮಾಡಿದರು. ಇವೆಲ್ಲ ರಾಯರಿಗೆ ಬಾಯಿಪಾಠ. ಹುಡುಗಿಯು, ಇದನ್ನು ತಾತನೇ ಕಟ್ಟಿದ್ದೋ ಎಂದು ತಂದೆಯನ್ನು ಕೇಳಿದಳು.

ಅಣೆಕಟ್ಟಿನ ನಡುವೆಯೇ ಎರಡು ಸಂಸ್ಥಾನಗಳ ಎಲ್ಲೆ. ನೀರೊಳಗಿನಿಂದೆದ್ದ ಗೋಪುರಗಳ ಮೇಲೆ ಗಡಿಯಾರಗಳಿವೆ: ಒಂದು ನೆವಾಡಾದ ಕಾಲಕ್ಕೆ, ಇನ್ನೊಂದು ಅರಿಜೋನಾದ ಕಾಲಕ್ಕೆ. ಬೇಸಗೆಯಲ್ಲಿ ನೆವಾಡಾದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅರಿಜೋನಾದವರು ಇಡುವುದಿಲ್ಲ. ಆದುದರಿಂದ ಆ ತಿಂಗಳುಗಳಲ್ಲಿ ಎರಡೂ ಒಂದೇ ಹೊತ್ತನ್ನು ತೋರಿಸುತ್ತವೆ. ಆಗ ಎರಡರಲ್ಲಿಯೂ ಎರಡು ಗಂಟೆ. ರಾಯರು ತಮ್ಮ ಮುಂಗೈ ನೋಡಿಕೊಂಡರು. ಊರಿನಲ್ಲಿ ರಾತ್ರಿ ಎರಡೂವರೆ.

ಆದರೆ ಅವರು ಹೆಚ್ಚು ಹೊತ್ತು ನೋಡಿದ್ದು ಕಟ್ಟೆಯನ್ನಲ್ಲ, ಅದರ ಹಿಂದಿನ ನೀರನ್ನು. ಮೀಡ್ ಸರೋವರದ ಸುತ್ತ ಬಂಡೆಗಳ ಮೇಲೆ ಸುಣ್ಣ ಬಳಿದಂತೆ ಎತ್ತರವಾದ ಒಂದು ಬಿಳಿಯ ಪಟ್ಟೆ. ಹಿಂದೆ ನೀರು ಅಲ್ಲಿಯವರೆಗೆ ಇದ್ದಿತು. 2022ರ ಜುಲೈಯಲ್ಲಿ, ಜಲಾಶಯ ಮೊದಲು ತುಂಬುತ್ತಿದ್ದ 1937ರಿಂದೀಚೆಗೆ ಎಂದೂ ಇಳಿಯದಷ್ಟು ಕೆಳಕ್ಕೆ ಇಳಿಯಿತು. 1922ರಲ್ಲಿ ಏಳು ಸಂಸ್ಥಾನಗಳು ಕೊಲೊರಾಡೋ ನದಿಯನ್ನು ಹಂಚಿಕೊಂಡವು: ಮೇಲಿನವರಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನವರಿಗೆ ಅಷ್ಟೇ. ಹಂಚಿಕೊಂಡ ಕಾಲದಲ್ಲಿ ಮಳೆ ಚೆನ್ನಾಗಿದ್ದಿತು. ಅಷ್ಟು ನೀರು ಮುಂದೆ ನದಿಯಲ್ಲಿ ಬರಲಿಲ್ಲ. ರಾಯರು ಮನಸ್ಸಿನಲ್ಲಿಯೇ ಗುಣಿಸಿ, “ಒಟ್ಟು 650 ಟಿಎಂಸಿ ಆಯಿತು. ಕಾವೇರಿಗೆ ನ್ಯಾಯಾಧಿಕರಣದವರು 2007ರಲ್ಲಿ ಹಾಕಿದ ಲೆಕ್ಕ 740,” ಎಂದರು. ಕಾವೇರಿಯ ಒಪ್ಪಂದ 1924ರದು. ಎರಡು ವರ್ಷದ ಅಂತರದಲ್ಲಿ ಭೂಮಿಯ ಎರಡು ಕಡೆ ಜನರು ಇಲ್ಲದ ನೀರಿಗೂ ಲೆಕ್ಕ ಬರೆದರೆಂಬ ವಿಷಯದಲ್ಲಿ ಅವರಿಗೆ ದುಃಖವಾಯಿತೋ ಸಮಾಧಾನವಾಯಿತೋ ಹೇಳುವುದು ಕಷ್ಟ. ಇಂಜಿನಿಯರರಿಗೆ ಎರಡೂ ಒಟ್ಟಿಗೇ ಆಗುವುದುಂಟು.

ಮೋಟಾರಿನಲ್ಲಿ ಒಂದು ಅನುಕೂಲವುಂಟು. ಮುಂದೆ ಕುಳಿತ ಇಬ್ಬರೂ ದಾರಿಯನ್ನು ನೋಡುತ್ತಿರುತ್ತಾರೆ, ಒಬ್ಬರ ಮುಖವನ್ನೊಬ್ಬರು ನೋಡಬೇಕಾಗಿಲ್ಲ. ಮನೆಯ ನಡುಮನೆಯಲ್ಲಿ ವರ್ಷಗಟ್ಟಲೆ ಬಾಯಿಗೆ ಬಾರದ ಮಾತು ಅಲ್ಲಿ ಬರುತ್ತದೆ. ಕಿಂಗ್‌ಮನ್ ಊರಿನ ಕಡೆಗೆ ಹೋಗುತ್ತಿದ್ದಾಗ, ಹಿಂದಿನವರು ತೂಕಡಿಸುತ್ತಿರುವರೆಂದು ತಿಳಿದು, ಮಗನು, “ಅಪ್ಪ, ಮನೆ ವಿಷಯ…” ಎಂದು ಆರಂಭಿಸಿದನು. ಬೆಲೆ, ವಯಸ್ಸು, ಲಿಫ್ಟು, ಹತ್ತಿರದ ಆಸ್ಪತ್ರೆ, ಎಲ್ಲವನ್ನೂ ಹೇಳಿದನು. ಹೇಳಿದ್ದೆಲ್ಲ ನ್ಯಾಯವಾಗಿಯೇ ಇದ್ದಿತು. ರಾಯರು ಹತ್ತು ಮೈಲಿ ಏನೂ ಹೇಳಲಿಲ್ಲ. ಬಳಿಕ, “ಮೂರು ವರ್ಷ ಅಂದಿದ್ದೆ,” ಎಂದರು.

“ಅಂದಿದ್ದೆ ಅಪ್ಪ.”

ಅಲ್ಲಿಗೆ ನಿಂತಿತು. ಹಿಂದೆ ಕಣ್ಣು ಮುಚ್ಚಿ ಕುಳಿತಿದ್ದವರಲ್ಲಿ ನಿಜವಾಗಿ ನಿದ್ರೆ ಮಾಡುತ್ತಿದ್ದವಳು ಹುಡುಗಿಯೊಬ್ಬಳೇ.

ಮಹಾಕಂದರವನ್ನು ವರ್ಣಿಸಲು ಹೊರಟವರೆಲ್ಲ ಅದರ ಅಳತೆಯನ್ನು ಹೇಳಿ ಸುಮ್ಮನಾಗುತ್ತಾರೆ: ಉದ್ದ 277 ಮೈಲಿ, ಆಳ ಸುಮಾರು ಒಂದು ಮೈಲಿ. ಅದಕ್ಕಿಂತ ಹೆಚ್ಚು ಹೇಳುವುದು ಇಲ್ಲಿಯೂ ಸಾಧ್ಯವಿಲ್ಲ. ದಕ್ಷಿಣದ ಅಂಚು ಸಮುದ್ರಮಟ್ಟದಿಂದ 7,000 ಅಡಿಯ ಮೇಲಿರುವುದರಿಂದ ರಾಯರಿಗೆ ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿತು. ಹಿಂದಿನ ದಿನ ಕಟ್ಟೆಯ ಮೇಲೆ ನಡೆದವರು ಇವರೇ ಎಂದು ನಂಬುವಂತಿರಲಿಲ್ಲ. ಮಗನು ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದನು, ಅವರು ಬೇಡವೆನ್ನಲಿಲ್ಲ.

ಅಂಚಿನುದ್ದಕ್ಕೂ ಪೂರ್ವಕ್ಕೆ ಹೋಗುವ ರಸ್ತೆಯ ಒಂದು ಕಡೆಯಲ್ಲಿ, ದೂರದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಮೇಲೇರಿ ಶಿಖರವಾದ ಒಂದು ಬೆಟ್ಟವನ್ನು ಮಗನು ತೋರಿಸಿ, ಅದರ ಹೆಸರು ವಿಷ್ಣು ದೇವಾಲಯವೆಂದನು. ತಾಯಿ ಅದನ್ನು ಹಾಸ್ಯವೆಂದುಕೊಂಡರು. ಹಾಸ್ಯವಲ್ಲ. ಕ್ಲಾರೆನ್ಸ್ ಡಟನ್ ಎಂಬ ಸೇನಾಧಿಕಾರಿ, ಭೂವಿಜ್ಞಾನಿ, 1882ರಲ್ಲಿ ಆ ಪ್ರದೇಶದ ಮೇಲೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಪೂರ್ವದೇಶಗಳ ಗುಡಿಗೋಪುರಗಳ ಹೋಲಿಕೆ ಅವನಿಗೆ ಆ ಬೆಟ್ಟಗಳಲ್ಲಿ ಕಂಡಿತು. ಹಾಗೆ ಅಲ್ಲಿ ವಿಷ್ಣು, ಶಿವ, ಬ್ರಹ್ಮ ಮೂವರ ಹೆಸರೂ ನಿಂತಿವೆ. ಹವಸುಪಾಯಿ ಮೊದಲಾದ ಮೂಲ ನಿವಾಸಿಗಳು ಡಟನ್ನನಿಗಿಂತ ಎಷ್ಟೋ ಕಾಲ ಮೊದಲಿನಿಂದ ಅಲ್ಲಿದ್ದವರು, ಇಂದಿಗೂ ಇರುವವರು. ನಕ್ಷೆ ಬರೆದವರು ಅವರ ನುಡಿಯನ್ನು ಬಿಟ್ಟು ಇಷ್ಟು ದೂರ ಬಂದು ಹೆಸರು ಹುಡುಕಿದ್ದು ವಿಚಿತ್ರ. ಕಂದರದ ತಳದಲ್ಲಿ ನದಿಯ ಪಕ್ಕದ ಕಪ್ಪು ಬಂಡೆಗಳಿಗೂ ವಿಷ್ಣುವಿನ ಹೆಸರೇ. ಅವುಗಳ ವಯಸ್ಸು 170 ಕೋಟಿ ವರ್ಷಕ್ಕೆ ಕಡಿಮೆಯಿಲ್ಲ.

“ಅಷ್ಟು ಹಳೇದಾದರೆ ಅವನದೇ ಸರಿ,” ಎಂದರು ತಾಯಿ. ಮೆಟ್ಟನ್ನು ಬಿಟ್ಟು ಕೈ ಮುಗಿದರು. “ಪೂಜೆ ಯಾರೂ ಮಾಡೋದಿಲ್ಲ ಅಲ್ಲವೇ?”

“ಇಲ್ಲಮ್ಮ.”

ಆಕೆ ಬೆಂಚಿನ ಮೇಲೆ ಗಂಡನ ಪಕ್ಕದಲ್ಲಿ ಕುಳಿತರು. ಎದುರಿನ ಬೆಟ್ಟವನ್ನು ನೋಡುತ್ತಲೇ, ಹುಡುಗಿಯ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತ, ಯಾರನ್ನೂ ಕುರಿತಲ್ಲವೆಂಬಂತೆ ಹೇಳಿದರು: “ನಿನ್ನೆ ನೀನಾಡಿದ್ದು ಕೇಳಿಸಿಕೊಂಡೆ. ನೀನು ವಾಪಸು ಬರ್ತೀಯ ಅಂತ ನಾನು ಕಾಯುತಾ ಇಲ್ಲ. ಅದನ್ನು ಬಿಟ್ಟು ಬಹಳ ದಿನ ಆಯಿತು. ಬರ್ತೀನಿ ಅಂತ ಇನ್ನುಮುಂದೆ ಹೇಳಲೂ ಬೇಡ, ಹೇಳಿದಾಗೆಲ್ಲ ನಿನ್ನ ಮುಖ ನೋಡೋಕಾಗೋದಿಲ್ಲ. ಆದರೆ ನಾವಿಬ್ಬರೂ ಇರೋತನಕ ಮನೆ ಇರಲಿ. ಆಮೇಲೆ ನಿನಗೆ ತೋಚಿದ ಹಾಗೆ ಮಾಡು.”

ಸೊಸೆ, “ಅತ್ತೆ, ಅಲ್ಲಿ ನಿಮಗೇನಾದರೂ ಆದರೆ…” ಎಂದು ತೊಡಗಿದಳು. “ಆಗುತ್ತಮ್ಮ,” ಎಂದರು ಅತ್ತೆ. “ಮೈಸೂರಿನಲ್ಲಿ ಇದ್ದರೂ ಆಗುತ್ತೆ.”

ಮಗನು ಸ್ವಲ್ಪ ದೂರ ಹೋಗಿ ಕಂಬಿ ಹಿಡಿದು ನಿಂತನು. ರಾಯರು ಎದ್ದು, ಉಸಿರು ನಿಲ್ಲಿಸಿ ನಿಲ್ಲಿಸಿ ಅಷ್ಟು ದೂರ ನಡೆದು ಅವನ ಪಕ್ಕದಲ್ಲಿ ನಿಂತರು. ಕೆಳಗೆ ನದಿ ಒಂದು ಎಳೆಯಷ್ಟು ಕಾಣುತ್ತಿದ್ದಿತು. ಅಷ್ಟೆಲ್ಲ ಕಡಿದದ್ದು ಆ ಎಳೆಯೇ. ಈಗ ಅದರ ನೀರು ಸಾಮಾನ್ಯವಾಗಿ ಸಮುದ್ರವನ್ನು ಮುಟ್ಟುವುದೇ ಇಲ್ಲ, ನಾಲೆಗಳಲ್ಲಿಯೇ ಮುಗಿದುಹೋಗುತ್ತದೆ. ಅದನ್ನು ರಾಯರು ಮಗನಿಗೆ ವಿವರಿಸಿದರು. ಬೇರೆ ಏನನ್ನೂ ಹೇಳಲಿಲ್ಲ.

ಆ ರಾತ್ರಿ ವಿಲಿಯಮ್ಸ್ ಎಂಬ ಊರಿನ ವಸತಿಗೃಹದಲ್ಲಿ ಊಟವಾದ ಮೇಲೆ, ರಾಯರು ಕೈಗಡಿಯಾರವನ್ನು ನೋಡಿ, ಊರಿನಲ್ಲಿ ಬೆಳಗ್ಗೆ ಎಂಟೂವರೆಯಾಗಿದೆ, ಗಾರೆಕೆಲಸದವನು ಮನೆಯಲ್ಲಿಯೇ ಸಿಕ್ಕುವನೆಂದು ಫೋನು ಹಚ್ಚಿಸಿದರು. ಮಳೆಗಾಲ ಹತ್ತಿರ ಬಂದಿತು; ಅಷ್ಟರೊಳಗೆ ಮಾಡು ಕೈಯಾಡಿಸಬೇಕು. “ಹಣ ನಾನು ಕಳಿಸ್ತೀನಿ ಅಪ್ಪ,” ಎಂದನು ಮಗ. ಇಷ್ಟು ವರ್ಷ ಇಂತಹ ಮಾತಿಗೆ ಪಿಂಚಣಿ ಬರುತ್ತದೆಂದು ಉತ್ತರ ಕೊಡುತ್ತಿದ್ದವರು, “ಕಳಿಸು,” ಎಂದರು. ಅತ್ತ ಕಡೆಯಿಂದ ಗಾರೆಯವನು ಎಷ್ಟು ಹೆಂಚು ಬೇಕಾಗಬಹುದೆಂದು ಕೇಳಿದನು. ರಾಯರು ಮುನ್ನೂರು ಎಂದರು.

“ಸಾಲದು ಅನ್ನಿ,” ಎಂದು ಹಾಸಿಗೆಯ ಮೇಲಿಂದ ಆಕೆ ಕೂಗಿ ಹೇಳಿದರು. “ಹಿತ್ತಿಲ ಕಡೆ ಇಳಿಮಾಡಿಗೂ ಸೇರಿಸಿ ನಾನೂರು ತರಿಸೋಕೆ ಹೇಳಿ.”