ಡೋರ್ ಪ್ಯಾಡಿನ ಬೆನ್ನು

ಕಳೆದ ಆಷಾಢದಲ್ಲಿ ತಿಪಟೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಭಾವನ ಕಾರಿನ ಎಡಗಡೆ ಕಿಟಕಿ ಅರ್ಧಕ್ಕೆ ಇಳಿದು ಹಾಗೇ ನಿಂತುಬಿಟ್ಟಿತು. ಆಕಾಶ ನೋಡಿದರೆ ಯಾವ ಗಳಿಗೆಯಲ್ಲಾದರೂ ಸುರಿಯುವ ಹಾಗಿತ್ತು. ಗ್ಯಾರೇಜಿಗೆ ಹೋದೆವು. ಅಲ್ಲಿನ ಹುಡುಗ ಹಿಡಿಕೆಯ ಮರೆಯಲ್ಲಿದ್ದ ಎರಡು ಸ್ಕ್ರೂ ಬಿಚ್ಚಿ, ಡೋರ್ ಪ್ಯಾಡಿನ ಕೆಳ ಅಂಚಿಗೆ ಬೆರಳು ತೂರಿಸಿ, ಟಪ್ ಟಪ್ ಎಂದು ಒಂದೊಂದೇ ಕ್ಲಿಪ್ಪು ಎಬ್ಬಿಸುತ್ತ ಹೋದ. ಎಂಟು ಕ್ಲಿಪ್ಪು ಸಲೀಸಾಗಿ ಬಂದವು. ಒಂಬತ್ತನೆಯದರ ಕುತ್ತಿಗೆ ಮುರಿದು ತಲೆ ಬಾಗಿಲಿನ ತಗಡಿನಲ್ಲೇ ಉಳಿಯಿತು. ಅವನು ಪ್ಯಾಡನ್ನು ಬೋರಲಾಗಿ ಬೆಂಚಿನ ಮೇಲೆ ಹಾಕಿ ಒಳಗಿನ ಮೋಟಾರಿಗೆ ಕೈಹಾಕಿದ.

ನಾನು ಬೆಂಚಿನ ಹತ್ತಿರವೇ ನಿಂತೆ.

“ಅದರಲ್ಲೇನಿದೆ ಅಂತ ಅಷ್ಟು ನೋಡ್ತಿದ್ದೀಯೋ?” ಎಂದರು ಭಾವ.

“ಇದರ ಬೆನ್ನು ನೋಡ್ತಿದ್ದೀನಿ ಭಾವ. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಇದನ್ನೇ.”

ಪೀಣ್ಯದಲ್ಲಿ ಅಚ್ಚು ತಯಾರಿಸುವ ಟೂಲ್ ರೂಮಿನಲ್ಲಿ ಮೋಲ್ಡ್ ಡಿಸೈನ್ ಮಾಡಿಕೊಂಡಿದ್ದವನು ನಾನು. ಕಾರಿನಲ್ಲಿ ಕೂತವರಿಗೆ ಕಾಣುವುದು ಡೋರ್ ಪ್ಯಾಡಿನ ಮುಖ: ಚರ್ಮದಂತೆ ಸುಕ್ಕುಸುಕ್ಕಾದ ಮೈ, ಮೊಣಕೈ ಊರುವ ಜಾಗ, ನೀರಿನ ಬಾಟಲಿಯ ಗೂಡು. ನನ್ನ ಕಣ್ಣು ಮೊದಲು ಹೋಗುವುದು ಬೆನ್ನಿಗೆ. ಅಲ್ಲಿ ಎಲ್ಲವೂ ಬರೆದಿರುತ್ತದೆ. ಜೇನುಗೂಡಿನಂತೆ ಹಬ್ಬಿದ ತೆಳು ಪಟ್ಟಿಗಳು, ಅಂದರೆ ರಿಬ್‌ಗಳು. ನಾಣ್ಯದ ಗುರುತಿನಂತೆ ಅಲ್ಲಲ್ಲಿ ದುಂಡನೆಯ ಕಲೆ. ಅದು ಅಚ್ಚಿನಿಂದ ಬಿಡಿಸಲು ಎಜೆಕ್ಟರ್ ಪಿನ್ನು ತಳ್ಳಿದ ಜಾಗ. ಗಡಿಯಾರದ ಮುಖದಂತಿರುವ ಪುಟ್ಟ ವೃತ್ತ, ಅದರ ಸುತ್ತ 12 ತಿಂಗಳು, ನಡುವೆ ವರ್ಷ, ಒಂದು ಬಾಣ. ಈ ತುಂಡು ಹುಟ್ಟಿದ ತಿಂಗಳನ್ನು ಬಾಣ ತೋರಿಸುತ್ತದೆ. ಪಕ್ಕದಲ್ಲಿ ‘ಪಿಪಿ-ಟಿಡಿ20’ ಎಂಬ ಅಕ್ಷರಗಳು: ಪಾಲಿಪ್ರೊಪಿಲೀನ್, ಅದರೊಳಗೆ ನೂರಕ್ಕೆ 20 ಪಾಲು ಟಾಲ್ಕಂ. ಮಗುವಿನ ಮೈಗೆ ಹಚ್ಚುವ ಪೌಡರಿನದೇ ಕಲ್ಲಿನ ಪುಡಿ ಅದು. ಪ್ಲಾಸ್ಟಿಕ್ಕಿಗೆ ಸೇರಿದರೆ ಅದನ್ನು ಗಟ್ಟಿ ಮಾಡುತ್ತದೆ, ಬಿಸಿಲಿಗೆ ಸೊಟ್ಟಗಾಗದಂತೆ ಹಿಡಿಯುತ್ತದೆ.

ಈ ಕೆಲಸ ಏನೆಂದು ಅಕ್ಕನಿಗೆ ಒಮ್ಮೆ ಹೇಳಬೇಕಾಗಿ ಬಂದಿತ್ತು. ಸಕ್ಕರೆ ಅಚ್ಚಿನ ಉದಾಹರಣೆ ಕೊಟ್ಟೆ. ಅವಳಿಗೆ ತಟ್ಟನೆ ಅರ್ಥವಾಯಿತು. ಸಂಕ್ರಾಂತಿಗೆ ವಾರ ಇರುವಾಗ ಅಮ್ಮ ಅಟ್ಟದಿಂದ ಮರದ ಅಚ್ಚುಗಳನ್ನು ಇಳಿಸುತ್ತಿದ್ದಳು. ಗಿಳಿ, ಕುದುರೆ, ತುಳಸಿಕಟ್ಟೆ, ಬಾಳೆಗೊನೆ. ಅವನ್ನು ನೀರಿನಲ್ಲಿ ನೆನೆಸಿ, ಒರೆಸಿ, ಎರಡು ಹೋಳು ಜೋಡಿಸಿ ಬಿಗಿಯಾಗಿ ಕಟ್ಟಿ, ಹದವಾಗಿ ಬೆಳ್ಳಗಾದ ಪಾಕ ಹೊಯ್ಯುತ್ತಿದ್ದಳು. ಪಾಕ ಆರಿದ್ದರೆ ಗಿಳಿಯ ಕೊಕ್ಕಿನವರೆಗೆ ಹೋಗುತ್ತಿರಲಿಲ್ಲ. ನಮ್ಮ ಶಾಪಿನಲ್ಲಿ ಅದನ್ನು ‘ಶಾರ್ಟ್’ ಎನ್ನುತ್ತೇವೆ. ಕಟ್ಟು ಸಡಿಲವಿದ್ದರೆ ಹೋಳುಗಳ ಸಂದಿಯಲ್ಲಿ ಪಾಕ ನುಗ್ಗಿ ಅಂಚಿಗೆ ತೆಳ್ಳನೆಯ ಗರಿ ಮೂಡುತ್ತಿತ್ತು, ಅದು ‘ಫ್ಲ್ಯಾಶ್’. ಅಮ್ಮ ಅದನ್ನು ಚಾಕುವಿನಿಂದ ನವಿರಾಗಿ ಕೆರೆಯುತ್ತಿದ್ದಳು, ಉದುರಿದ ಪುಡಿ ನಮ್ಮ ಬಾಯಿಗೆ. ಬೇಗ ಬಿಚ್ಚಿದರೆ ಕುದುರೆಯ ಕಾಲು ಅಚ್ಚಿನಲ್ಲೇ ಉಳಿಯುತ್ತಿತ್ತು. ತಾಳ್ಮೆಯಿಂದ ಕಾದು ಬಿಚ್ಚಬೇಕು.

ಡೋರ್ ಪ್ಯಾಡಿಗೂ ಇದೇ ಕ್ರಮ, ಅಳತೆ ಮಾತ್ರ ಬೇರೆ. ಮರದ ಜಾಗದಲ್ಲಿ ಹಲವು ಟನ್ ತೂಗುವ ಉಕ್ಕಿನ ಎರಡು ಹೋಳು. ಪಾಕದ ಜಾಗದಲ್ಲಿ 200 ಡಿಗ್ರಿ ದಾಟಿ ಕರಗಿದ ಪ್ಲಾಸ್ಟಿಕ್. ಅದು ಎಷ್ಟು ಒತ್ತಡದಲ್ಲಿ ನುಗ್ಗುತ್ತದೆಂದರೆ, ಹೋಳುಗಳು ಬಾಯಿಬಿಡದಂತೆ ಹಿಡಿಯಲು ಸಾವಿರ ಟನ್ನಿಗೂ ಮೀರಿದ ಬಲದ ಮಷೀನು ಬೇಕು. ಐದು ಟನ್ನಿನ ಇನ್ನೂರು ಆನೆಗಳು ಒಟ್ಟಿಗೆ ಒತ್ತಿ ನಿಂತ ಹಾಗೆ. ತುಂಬುವುದಕ್ಕೆ ಕೆಲವೇ ಸೆಕೆಂಡು. ಉಳಿದ ಹೊತ್ತೆಲ್ಲ ಆರುವುದಕ್ಕೆ. ಉಕ್ಕಿನೊಳಗೆ ಕೊರೆದ ಕಾಲುವೆಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಸುಮಾರು ಒಂದು ನಿಮಿಷಕ್ಕೆ ಒಂದು ಪ್ಯಾಡ್ ಬಿಸಿಬಿಸಿಯಾಗಿ ಕೈಗೆ ಬರುತ್ತದೆ.

ಅಚ್ಚು ಹಿಡಿದುಕೊಳ್ಳುವುದೇನೂ ದೊಡ್ಡದಲ್ಲ, ಬಿಟ್ಟುಕೊಡುವುದು ಕಷ್ಟ. ಇಡ್ಲಿ ತಟ್ಟೆಯ ಗುಳಿ ನೋಡಿ, ಎಲ್ಲೂ ನೆಟ್ಟಗೆ ನಿಂತ ಗೋಡೆಯಿಲ್ಲ. ಅಂಚು ಹೊರಕ್ಕೆ ಬಾಗಿರುವುದರಿಂದಲೇ ಇಡ್ಲಿ ಮುಕ್ಕಾಗದೆ ಏಳುತ್ತದೆ. ಆ ಇಳಿಜಾರಿಗೆ ನಾವು ‘ಡ್ರಾಫ್ಟ್’ ಎನ್ನುತ್ತೇವೆ. ನುಣುಪು ಗೋಡೆಗೆ ಒಂದು ಡಿಗ್ರಿ ಕೊಟ್ಟರೂ ನಡೆಯುತ್ತದೆ. ಚರ್ಮದ ಸುಕ್ಕಿನ ಗೋಡೆಗೆ ಸಾಲದು. ಸುಕ್ಕು ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು ಆಳವಾದಾಗಲೆಲ್ಲ ಇನ್ನೊಂದು, ಒಂದೂವರೆ ಡಿಗ್ರಿ ಸೇರಿಸಬೇಕು. ಇಲ್ಲದಿದ್ದರೆ ಹೊರಬರುವಾಗ ಸುಕ್ಕು ಉಜ್ಜಿ, ಬಿಳಿಚಿದ ಗೀರು ಬೀಳುತ್ತದೆ. ಸ್ಟೈಲಿಂಗ್‌ನವರು ಗೋಡೆ ನೆಟ್ಟಗಿರಲಿ ಎನ್ನುತ್ತಾರೆ, ಅಂದ ಅದರಲ್ಲಿದೆ. ನಾವು ಬಾಗಲಿ ಎನ್ನುತ್ತೇವೆ. ಅರ್ಧ ಡಿಗ್ರಿಗಾಗಿ ಇಡೀ ಮಧ್ಯಾಹ್ನ ವಾದ ಮಾಡಿದ ದಿನಗಳಿವೆ. ಅವೇ ನನ್ನ ಕೆಲಸದ ಒಳ್ಳೆಯ ದಿನಗಳು ಎಂದು ಈಗಲೂ ಅನ್ನಿಸುತ್ತದೆ.

ಆ ಸುಕ್ಕು ಬಂದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಚರ್ಮದ ವಿನ್ಯಾಸವನ್ನು ತೆಳುವಾದ ಮೇಣದ ಹಾಳೆಗೆ ಇಳಿಸಿ, ಆ ಹಾಳೆಗಳನ್ನು ಉಕ್ಕಿನ ಅಚ್ಚಿನೊಳಗೆ ತುಂಡುತುಂಡಾಗಿ ಅಂಟಿಸುತ್ತಾರೆ. ಎರಡು ಹಾಳೆ ಸೇರುವಲ್ಲಿ ಸುಕ್ಕು ತಪ್ಪಬಾರದು. ಅಲ್ಲಿ ಕುಂಚ ಹಿಡಿದು, ಕೈಯಿಂದಲೇ ಒಂದೊಂದು ಗೆರೆಯನ್ನೂ ಕೂಡಿಸುತ್ತಾರೆ. ಆಮೇಲೆ ಆಸಿಡ್ ಬಿಡುತ್ತಾರೆ. ಮೇಣವಿಲ್ಲದಲ್ಲಿ ಉಕ್ಕು ಸವೆದು ಚರ್ಮದ ಗುರುತು ಉಳಿಯುತ್ತದೆ. ಈಚೆಗೆ ಲೇಸರಿನಿಂದಲೂ ಕೊರೆಯುತ್ತಾರೆ. ಆದರೆ ಅಚ್ಚಿನೊಳಗೆ ತಲೆ ಹಾಕಿ, ದೀಪದ ಕೆಳಗೆ ಕುಂಚದಿಂದ ಗೆರೆ ಕೂಡಿಸುತ್ತಿದ್ದ ಒಬ್ಬ ಹಿರಿಯರನ್ನು ನೋಡಿದ ಮೇಲೆ ನನಗೆ ಕಾರಿನ ಒಳಮೈ ಮುಟ್ಟುವ ರೀತಿಯೇ ಬದಲಾಯಿತು.

ಮೊದಮೊದಲು ನನ್ನಿಂದ ಒಂದು ತಪ್ಪಾಗಿತ್ತು. ಪ್ಯಾಡಿನ ದಪ್ಪ ಎರಡೂವರೆ ಮಿಲಿಮೀಟರು. ಬೆನ್ನಿನ ರಿಬ್ಬು ಅದರ ಅರ್ಧಕ್ಕಿಂತ ದಪ್ಪವಿರಬಾರದೆಂದು ಓದಿದ್ದೆ. ಗಟ್ಟಿಯಾಗಲೆಂದು ಒಂದು ಕಡೆ ಎರಡು ಮಿಲಿಮೀಟರು ಕೊಟ್ಟೆ. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಬರಿಯ ಪಾಲಿಪ್ರೊಪಿಲೀನ್ ಆದರೆ ನೂರಕ್ಕೆ ಒಂದರಿಂದ ಎರಡು ಪಾಲು. ದಪ್ಪವಿದ್ದಲ್ಲಿ ತಡವಾಗಿ ಆರಿ, ತಡವಾಗಿ ಕುಗ್ಗಿ, ಮುಖದ ಕಡೆಯ ಮೈಯನ್ನು ಒಳಕ್ಕೆ ಎಳೆಯುತ್ತದೆ. ಮೊದಲ ಟ್ರಯಲ್ ದಿನ ಫೋರ್‌ಮನ್ ಪ್ಯಾಡನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರು. ಬೆಳಕಿನ ಗೆರೆ ಒಂದು ಜಾಗದಲ್ಲಿ ನಡುಗಿತು. “ಇಲ್ಲಿ ರಿಬ್ಬು ಇದೆ ಅಲ್ವೇನಪ್ಪ?” ಎಂದರು. ಬೆನ್ನು ನೋಡಿರಲಿಲ್ಲ ಅವರು.

ಅದನ್ನು ತಿದ್ದುವುದು ಸುಲಭವಲ್ಲ. ತುಂಡಿನಲ್ಲಿ ರಿಬ್ಬಾಗಿರುವುದು ಅಚ್ಚಿನಲ್ಲಿ ಸೀಳು. ರಿಬ್ಬು ತೆಳುವಾಗಬೇಕಾದರೆ ಸೀಳನ್ನು ಮುಚ್ಚಬೇಕು, ಅಂದರೆ ಉಕ್ಕು ಸೇರಿಸಬೇಕು: ವೆಲ್ಡಿಂಗ್, ಮತ್ತೆ ಮಷೀನಿಂಗ್, ಮತ್ತೆ ಪಾಲಿಶ್. ಉಕ್ಕನ್ನು ಕೆತ್ತುವುದು ಸುಲಭ, ಕೂಡಿಸುವುದು ಕಷ್ಟ. ಫೋರ್‌ಮನ್ ಬೈಯಲಿಲ್ಲ. “ಉಪ್ಪು ಕಡಿಮೆ ಹಾಕು, ಬೇಕಾದರೆ ಆಮೇಲೆ ಹಾಕಬಹುದು” ಎಂದರು. ಅಂದಿನಿಂದ ಪ್ರತಿ ರಿಬ್ಬನ್ನೂ ತೆಳುವಾಗಿಯೇ ಶುರು ಮಾಡಿದ್ದೇನೆ. ಆ ಫೋರ್‌ಮನ್ ಕಲಿತದ್ದು ಬೆಂಗಳೂರಿನ ಜಿಟಿಟಿಸಿಯಲ್ಲಿ. 1972ರಲ್ಲಿ ಡೆನ್ಮಾರ್ಕ್ ಸರಕಾರದ ನೆರವಿನಿಂದ ಶುರುವಾದ ಸರಕಾರಿ ಟೂಲ್ ರೂಮ್ ಅದು. ಹಳ್ಳಿಗಳಿಂದ ಬಂದ ಎಷ್ಟು ಹುಡುಗರ ಕೈಗೆ ಮೈಕ್ರೋಮೀಟರ್ ಕೊಟ್ಟಿತೋ!

ಕಾರಿನೊಳಗೆ ಹೀಗೆ ಪ್ಲಾಸ್ಟಿಕ್ ತುಂಬಿದ್ದು ಬಹಳ ಹಿಂದಿನ ಮಾತಲ್ಲ. ಭಾವನ ತಂದೆಯ ಅಂಬಾಸಿಡರ್ ನನಗೆ ನೆನಪಿದೆ. ಬಾಗಿಲ ಒಳಗಡೆ ರಟ್ಟಿನ ಹಲಗೆಯ ಮೇಲೆ ರೆಕ್ಸಿನ್ ಹೊದಿಸಿದ್ದರು. ಮಳೆಗಾಲದಲ್ಲಿ ಹಲಗೆ ನೀರು ಕುಡಿದು ಉಬ್ಬುತ್ತಿತ್ತು. ಪಾಲಿಪ್ರೊಪಿಲೀನನ್ನು ಇಟಲಿಯ ಜ್ಯೂಲಿಯೋ ನಟ್ಟಾ 1954ರಲ್ಲಿ ಬಳಕೆಗೆ ಬರುವ ರೂಪಕ್ಕೆ ತಂದರು, 1963ರಲ್ಲಿ ನೊಬೆಲ್ ಬಂತು. ಆದರೆ ಕಾಯಿಸಿದರೆ ಕರಗಿ, ಆರಿದರೆ ಗಟ್ಟಿಯಾಗುವ ವಸ್ತು ನಮಗೆ ಹೊಸದೇ? ಮೈಸೂರು ದಾರಿಯಲ್ಲಿ ಬಿಡದಿಯ ಕಾರು ಕಾರ್ಖಾನೆ ದಾಟಿ ಮುಂದೆ ಹೋದರೆ ಚನ್ನಪಟ್ಟಣ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಮೆತ್ತಗಾಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ಪ್ಲಾಸ್ಟಿಕ್ ಬರುವ ಮುಂಚೆ ಗ್ರಾಮೊಫೋನ್ ತಟ್ಟೆಗಳನ್ನು ಅಚ್ಚೊತ್ತುತ್ತಿದ್ದದ್ದೂ ಅರಗಿನಿಂದಲೇ.

ನಾರಿನ ಕತೆಯೂ ಹೀಗೇ ಹತ್ತಿರದ್ದು. ಟೊಯೋಟಾದ ಕೆಲವು ಕಾರುಗಳ ಡೋರ್ ಪ್ಯಾಡಿನಲ್ಲಿ ಕೆನಾಫ್ ಎಂಬ ಗಿಡದ ನಾರನ್ನು ಪಾಲಿಪ್ರೊಪಿಲೀನ್ ಜೊತೆ ಬೆರೆಸಿ ಬಿಸಿಯಲ್ಲಿ ಒತ್ತುತ್ತಾರೆ, ಹಗುರ, ಗಟ್ಟಿ. ಹೆಸರು ಕೇಳಿ ಏನೋ ದೂರದ ಗಿಡ ಎಂದುಕೊಂಡಿದ್ದೆ. ನೋಡಿದರೆ ನಮ್ಮ ಪುಂಡಿ! ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯ ಜೊತೆ ಪಲ್ಲೆ ಮಾಡಿ ಉಣ್ಣುವ, ನಾರು ತೆಗೆದು ಎತ್ತಿಗೆ ಹಗ್ಗ ಹೊಸೆಯುವ ಪುಂಡಿ. ಅದನ್ನು ತಿಳಿದ ದಿನ ನನಗಾದ ಸಂತೋಷ ಹೇಳಲಾರೆ.

ಡ್ಯಾಶ್‌ಬೋರ್ಡಿನ ಬೆನ್ನು ಇನ್ನೂ ಆಳವಾದ ವಿಷಯ. ಮುಂದಿನ ಸೀಟಿನ ಪ್ರಯಾಣಿಕರ ಏರ್‌ಬ್ಯಾಗ್ ಇರುವಲ್ಲಿ ಮುಖ ಒಂದೇ ಹಾಳೆಯಂತೆ ನಯವಾಗಿರುತ್ತದೆ. ಬೆನ್ನಿನಲ್ಲಿ ಮಾತ್ರ ಲೇಸರಿನಿಂದ ಸಾಲಾಗಿ ಕೊರೆದು ಒಂದು ಗೆರೆಯನ್ನು ಬೇಕೆಂದೇ ದುರ್ಬಲ ಮಾಡಿರುತ್ತಾರೆ. ಅಪಘಾತವಾದಾಗ, ರೆಪ್ಪೆ ಬಡಿಯುವುದಕ್ಕಿಂತ ಬೇಗ, ಆ ಗೆರೆಯಲ್ಲೇ ಹರಿಯಬೇಕು. ಚೂರು ಸಿಡಿಯಬಾರದು. ಕೊರೆಯುವುದು ಕೂದಲೆಳೆಯಷ್ಟು ಹೆಚ್ಚಾದರೆ ಬಿಸಿಲಿಗೆ ಗೆರೆ ಮುಖಕ್ಕೆ ಕಾಣುತ್ತದೆ, ಕಡಿಮೆಯಾದರೆ ತೆರೆಯುವುದಿಲ್ಲ.

ಬಿಸಿಲೆಂದೆ. ಕಲಬುರಗಿಯ ಬೇಸಿಗೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಸುಮಾರು 1.4 ಮೀಟರ್ ಉದ್ದದ ಪ್ಲಾಸ್ಟಿಕ್ ಬೆಳಗಿಗೂ ಮಧ್ಯಾಹ್ನಕ್ಕೂ ನಾಲ್ಕೈದು ಮಿಲಿಮೀಟರು ಬೆಳೆಯುತ್ತದೆ. ಅದನ್ನು ಹೊತ್ತ ಉಕ್ಕಿನ ತೊಲೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ಎಲ್ಲ ಸ್ಕ್ರೂವನ್ನೂ ಬಿಗಿದರೆ ಡ್ಯಾಶ್‌ಬೋರ್ಡು ಡುಬ್ಬವಾಗುತ್ತದೆ. ಅದಕ್ಕೇ ನಡುವಿನ ಒಂದು ತೂತು ಮಾತ್ರ ದುಂಡಗೆ, ಉಳಿದವು ಉದ್ದುದ್ದ. ಮಲೆನಾಡಿನ ಬಡಗಿ ಮಳೆಗಾಲದ ಉಬ್ಬನ್ನು ನೆನೆದು ಬಾಗಿಲಿಗೂ ಚೌಕಟ್ಟಿಗೂ ಸಂದು ಬಿಡುತ್ತಾನಲ್ಲ, ಹಾಗೆ.

ಬಿಡಲೇಬಾರದ ಜಾಗವೂ ಇದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿದರೆ ಹಿಡಿದು, ಜಾರಿ, ಮತ್ತೆ ಹಿಡಿದು ಕಿರ್ರೆನ್ನುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಅದು ಮುಳುಗಿಹೋಗುತ್ತಿತ್ತು. ಬ್ಯಾಟರಿ ಕಾರಿನ ನಿಶ್ಶಬ್ದದಲ್ಲಿ ಎಲ್ಲ ಕೇಳಿಸುತ್ತದೆ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಎಂಬ ಬ್ಯಾಟರಿ ಕಾರಿನ ಹೊರಮೈಯೇ ಎಬಿಎಸ್ ಪ್ಲಾಸ್ಟಿಕ್ಕಿನದು. ಆ ಪುಟ್ಟ ಕಾರಿನಲ್ಲಿ ಕೂತಾಗ ನನ್ನ ಕಿವಿ ತಾನಾಗಿಯೇ ಸಂದುಗಳನ್ನು ಹುಡುಕಿತ್ತು. ಸಂದುಗಳಿಗೆ ಫೆಲ್ಟ್ ಪಟ್ಟಿ ಅಂಟಿಸುತ್ತೇವೆ, ಕ್ಲಿಪ್ಪುಗಳ ನಡುವಿನ ದೂರ ಲೆಕ್ಕ ಹಾಕುತ್ತೇವೆ. ಒಂದು ಕ್ಲಿಪ್ಪು ಹೋದರೆ ಅಷ್ಟುದ್ದ ಪ್ಯಾಡು ತಗಡಿನ ಮೇಲೆ ಕುಣಿಯುತ್ತದೆ. ಮೊದಲ ದಿನ ಗೊತ್ತಾಗದು. ತಿಂಗಳಾದ ಮೇಲೆ ಟಕಟಕ ಶುರು.

ಹುಡುಗ ಮೋಟಾರು ಸರಿಮಾಡಿ ಪ್ಯಾಡನ್ನು ಎತ್ತಿಕೊಂಡ. “ಎಂಟು ಕ್ಲಿಪ್ ಇದೆ ಸಾರ್, ಹಿಡ್ಕೊಳ್ಳುತ್ತೆ.”

“ಇನ್ನೊಂದು ಹುಡುಕು ಮಗಾ. ಸಿಗುತ್ತೆ.”

ಭಾವ ಆಕಾಶ ನೋಡಿದರು, ಏನೂ ಹೇಳಲಿಲ್ಲ. ಹುಡುಗ ಕಪಾಟಿನಿಂದ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ತಂದು ಬೆಂಚಿನ ಮೇಲೆ ಸುರಿದ. ಹಸಿರು, ಹಳದಿ, ಕಪ್ಪು, ಬಿಳಿ, ಯಾವ್ಯಾವುದೋ ಕಾರಿನ ಕ್ಲಿಪ್ಪುಗಳು. ಇಬ್ಬರೂ ಬಾಗಿ ಹುಡುಕಿದೆವು. ಕುತ್ತಿಗೆಯ ದಪ್ಪ ಸರಿಯಿದ್ದರೆ ತಲೆ ದೊಡ್ಡದು, ತಲೆ ಸರಿಯಿದ್ದರೆ ಕುತ್ತಿಗೆ ಸಣ್ಣದು. ಹದಿನೈದು ನಿಮಿಷವಾಗಿರಬೇಕು. ಕೊನೆಗೆ ಒಂದು ಬಿಳಿಯದು ಸಿಕ್ಕಿತು. ಹುಡುಗ ಅದನ್ನು ಬೆನ್ನಿನ ಗೂಡಿಗೆ ಜಾರಿಸಿ, ತಗಡಿನಲ್ಲಿ ಉಳಿದಿದ್ದ ಮುರುಕು ತಲೆಯನ್ನು ಇಕ್ಕಳದಿಂದ ಕಿತ್ತು, ಪ್ಯಾಡನ್ನು ಬಾಗಿಲಿಗೆ ಒರಗಿಸಿ ಅಂಗೈಯಿಂದ ಗುದ್ದುತ್ತ ಬಂದ. ಟಪ್, ಟಪ್. ನಾನು ಎಣಿಸಿದೆ. ಎಂಟಾದ ಮೇಲೆ ಅವನೂ ನನ್ನತ್ತ ನೋಡಿ, ಕೆಳಗಿನ ಮೂಲೆಯನ್ನು ಒತ್ತಿದ.

ಟಪ್.

ಭಾವ ಕಿಟಕಿಯ ಗುಂಡಿ ಒತ್ತಿದರು. ಗಾಜು ಸದ್ದಿಲ್ಲದೆ ಮೇಲಕ್ಕೆ ಹೋಗಿ ಕೂತಿತು. ಊರು ದಾಟಿ ತೆಂಗಿನ ತೋಟಗಳ ನಡುವೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ರಸ್ತೆಯ ಗುಂಡಿ ಬಂದಾಗಲೆಲ್ಲ ನಾನು ಎಡಗಡೆಯ ಬಾಗಿಲಿಗೆ ಕಿವಿಗೊಟ್ಟು ಕೂತಿದ್ದೆ.