ತಗಡಿನ ಟ್ರಂಕು

ಮೊನ್ನೆ ಮೆಜೆಸ್ಟಿಕ್‌ನಲ್ಲಿ ಹಡಗಲಿ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜ ಕಾಲ ಹತ್ತಿರ ತಗಡಿನ ಟ್ರಂಕು ಇಟ್ಕೊಂಡಿದ್ದ. ತಕ್ಷಣ ಸಂಚಾರಿ ವಿಜಯ್ ನೆನಪಾದರು.

2014ರ ‘ಹರಿವು’ ಚಿತ್ರದಲ್ಲಿ ಅವರು ಉತ್ತರ ಕರ್ನಾಟಕದ ಬಡ ರೈತ. ಬೆಂಗಳೂರಿನಲ್ಲಿ ತೀರಿಕೊಂಡ ಮಗನನ್ನು ಟ್ರಂಕಿನಲ್ಲಿಟ್ಟು ಊರಿನ ಬಸ್ಸು ಹತ್ತೋ ಅಪ್ಪ. ಆ ಮುಖದಲ್ಲಿ ನಮ್ಮಪ್ಪ ಕಂಡಿದ್ದ. ಅವನೂ ಹಂಗೇ, ಎಂಥ ನೋವಿಗೂ ಬಾಯಿ ಬಿಡೋನಲ್ಲ.

ವಿಜಯ್ ಕಡೂರು ಸೀಮೆಯವರು. ಎಂಜಿನಿಯರಿಂಗ್ ಓದಿ, ಪಾಠ ಹೇಳಿ, ನಾಟಕಕ್ಕೆ ಬಂದರು. ‘ಸಂಚಾರಿ’ ತಂಡವೇ ಹೆಸರಾಯಿತು. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2021ರ ಜೂನ್‌ನಲ್ಲಿ ಬೈಕ್ ಅಪಘಾತ. ಬರೀ 37 ವರ್ಷ. ಮನೆಯವರು ಅಂಗಾಂಗ ದಾನ ಮಾಡಿದರು.

ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಹರಪನಹಳ್ಳಿ ದಾಟಿದ ಮೇಲೆ ಅಜ್ಜನೇ ಟ್ರಂಕು ತಟ್ಟಿ ಅಂದ: “ಮೊಮ್ಮಗಂದು ಅಂಗಿ, ಆಟಿಗಿ ಸಾಮಾನು ತಮ್ಮಾ.”

ಆಗ ಉಸಿರು ಬಿಟ್ಟೆ.